ಕತ್ತಿಗೆ ಹಿಡಿದ ತಾಮ್ರ

ಮೇ ತಿಂಗಳ ಕೊನೆಯಲ್ಲಿ ಊರಿಂದ ಫೋನ್ ಬಂದರೆ ಕ್ಷೇಮಸಮಾಚಾರಕ್ಕಿಂತ ಮೊದಲು ಸುಣ್ಣದ ಸುದ್ದಿ. ಈ ಸಲದ ಸುಣ್ಣ ಸರಿಯಿಲ್ಲ, ಮೈಲುತುತ್ತದ (ತಾಮ್ರದ ಸಲ್ಫೇಟ್) ರೇಟು ಮತ್ತೆ ಏರಿದೆ, ಅಡಿಕೆ ಮರ ಹತ್ತುವ ಕೊನೆಗಾರ ಪಕ್ಕದೂರಿನವರಿಗೆ ಮಾತು ಕೊಟ್ಟುಬಿಟ್ಟಿದ್ದಾನೆ, ಮಳೆ ಹಿಡಿಯುವುದರೊಳಗೆ ತೋಟಕ್ಕೆ ಕೊಳೆರೋಗದ ಒಂದು ಔಷಧಿ ಹೊಡೆದು ಮುಗಿದರೆ ಸಾಕು. ಇಷ್ಟೆಲ್ಲ ಆದ ಮೇಲೆ, ಫೋನ್ ಇಡುವ ಮುಂಚೆ, ಚಿಕ್ಕಪ್ಪ ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಒಂದಿತ್ತು. "ಅದ್ಸರಿ, ನಿಂದು ಯಾವಾಗ ಬರ್ತದೆ ಮಾರಾಯ್ತಿ?"

ನಿಂದು ಅಂದರೆ ನನ್ನ ಔಷಧಿ. ಬೆಂಗಳೂರಿನ ಹೊರಗೆ, ಬೆಳೆರೋಗಗಳಿಗೆ ಹೊಸ ರಾಸಾಯನಿಕ ಹುಡುಕುವ ಒಂದು ಪ್ರಯೋಗಾಲಯದಲ್ಲಿ ನಾನು ನಾಲ್ಕು ವರ್ಷ ಕೆಲಸ ಮಾಡಿದೆ. ಹುಡುಕುವುದು ಅನ್ನುವುದು ದೊಡ್ಡ ಮಾತು. ಮೇಲಿನವರು ಒಂದು ಅಣುವಿನ ಚಿತ್ರ ಕೊಡುತ್ತಿದ್ದರು. ಅದರ ಈ ತುದಿಗೆ ಒಂದು ಕ್ಲೋರಿನ್ ಸಿಕ್ಕಿಸು, ಆ ತುದಿಯ ಮೀಥೈಲ್ ಕಿತ್ತು ಈಥೈಲ್ ಹಾಕು, ಉಂಗುರದಲ್ಲಿ ಇಂಗಾಲದ ಜಾಗಕ್ಕೆ ಸಾರಜನಕ ಕೂರಿಸು. ಒಂದೇ ಸೀರೆಯನ್ನು ಅಂಚು, ಸೆರಗು ಬದಲಿಸಿ ಬದಲಿಸಿ ನೇಯುವ ಕೆಲಸ. ನಾಲ್ಕು ವರ್ಷದಲ್ಲಿ ನನ್ನ ಕೈಯಿಂದ ಆದದ್ದು 311 ಸಂಯುಕ್ತ. ತೋಟದವರೆಗೆ ಬಂದದ್ದು ಒಂದೂ ಇಲ್ಲ. ಇದನ್ನು ಚಿಕ್ಕಪ್ಪನಿಗೆ ಹೇಗೆ ಹೇಳುವುದು ಅಂತ ತಿಳಿಯದೆ "ಬರ್ತದೆ, ಬರ್ತದೆ" ಅನ್ನುತ್ತಿದ್ದೆ.

ಅಡಿಕೆಯ ಕೊಳೆರೋಗ ನೋಡದವರಿಗೆ ಒಂದೆರಡು ಮಾತು. ಮಳೆ ಹಿಡಿದು ಕೆಲವು ವಾರಕ್ಕೆ ಎಳೆಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಕಲೆ ಕಾಣಿಸಿಕೊಳ್ಳುತ್ತದೆ. ಕಾಯಿಯ ಹೊಳಪು ಹೋಗುತ್ತದೆ, ತೊಟ್ಟು ಬಿಡುತ್ತದೆ, ಬಿದ್ದ ಕಾಯಿಯ ಮೈಮೇಲೆ ಬಿಳಿ ಬೂಷ್ಟು ಹತ್ತಿಯಂತೆ ಏಳುತ್ತದೆ. ನಾನು ಚಿಕ್ಕವಳಿದ್ದಾಗ ಅಜ್ಜ ಜುಲೈ ರಾತ್ರಿಗಳಲ್ಲಿ ಜಗಲಿಯಲ್ಲೇ ಮಲಗುತ್ತಿದ್ದರು. ಒಣ ಅಡಿಕೆ ಹಾಳೆಯ ಮೇಲೆ ಕಾಯಿ ಬಿದ್ದರೆ ಟಪ್ ಅಂತ ಸದ್ದು. ಮಳೆಯ ಸದ್ದಿನ ನಡುವೆಯೂ ಅದು ಅವರಿಗೆ ಕೇಳುತ್ತಿತ್ತು. ಬೆಳಿಗ್ಗೆ ಕಾಫಿ ಕುಡಿಯುವಾಗ ಎಷ್ಟು ಬಿದ್ದವು ಅಂತ ಅವರು ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಆ ರೋಗಾಣುವನ್ನು ನಾನು ಮೊದಲು ಮುಖಾಮುಖಿ ನೋಡಿದ್ದು ಮೂವತ್ತರ ಹತ್ತಿರದಲ್ಲಿ, ಪ್ರಯೋಗಾಲಯದ ಜೀವಶಾಸ್ತ್ರ ವಿಭಾಗದಲ್ಲಿ. ನಾವು ರಸಾಯನದವರು ಅಲ್ಲಿಗೆ ಹೋಗುವುದು ಕಡಿಮೆ. ಪುಡಿ ತುಂಬಿದ ಸೀಸೆ ಕಳಿಸಿಬಿಟ್ಟರೆ ನಮ್ಮ ಕೆಲಸ ಮುಗಿಯಿತು. ಒಂದು ಮಧ್ಯಾಹ್ನ ಅಲ್ಲಿನ ಗೆಳತಿ ಕರೆದಳು, "ಬಾ, ನಿಮ್ಮೂರಿನವರನ್ನ ತೋರಿಸ್ತೀನಿ." ರೋಗಾಣು ಬೆಳೆದ ತಟ್ಟೆಗೆ ತಣ್ಣೀರು ಹುಯ್ದು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ತೆಗೆದಿದ್ದಳು. ಸೂಕ್ಷ್ಮದರ್ಶಕದಲ್ಲಿ ನಿಂಬೆಹಣ್ಣಿನಾಕಾರದ ಪುಟ್ಟ ಚೀಲಗಳು, ನಿಂಬೆಗಿರುವ ಹಾಗೇ ತುದಿಯಲ್ಲೊಂದು ಮೊನೆ. ನೋಡುತ್ತಿದ್ದಂತೆ ಒಂದರ ಮೊನೆ ಬಾಯಿ ಬಿಟ್ಟಿತು. ಒಳಗಿನ ಕಣಗಳು ಶಾಲೆಯ ಗಂಟೆ ಹೊಡೆದ ಮೇಲೆ ಮಕ್ಕಳು ನುಗ್ಗುವ ಹಾಗೆ ಹೊರಬಂದು ನೀರಿನಲ್ಲಿ ಈಜಿದವು. ಒಂದೊಂದಕ್ಕೂ ಎರಡೆರಡು ಬಾಲ. ಮಳೆ ಬಿಸಿಲು ಕೂಡಿ ಬಂದರೆ ಕೊಳೆ ಜಾಸ್ತಿ ಅಂತ ಅಜ್ಜ ಹೇಳುತ್ತಿದ್ದದ್ದು ನೆನಪಾಯಿತು. ಬಿಸಿಲಿನಲ್ಲಿ ಚೀಲ ಬಲಿಯಬೇಕು, ತಣ್ಣನೆ ಮಳೆಹನಿ ಬಿದ್ದು ಬಾಯಿ ಬಿಡಬೇಕು. ಫ್ರಿಜ್ಜು ಮಾಡಿದ್ದು ಆ ಮಳೆಹನಿಯ ಕೆಲಸ.

ಈಜುವ ಶಿಲೀಂಧ್ರವೇ ಅಂತ ಕೇಳಿದೆ. ಆಗ ಅವಳು ಹೇಳಿದ್ದು ನನ್ನ ನಾಲ್ಕು ವರ್ಷದ ಕೆಲಸದ ಅರ್ಥವನ್ನೇ ಬದಲಿಸಿತು. ಇದು ಶಿಲೀಂಧ್ರವೇ ಅಲ್ಲ. ಫೈಟಾಫ್ತೊರಾ ಕುಲ ನೋಡಲು ಬೂಷ್ಟಿನಂತಿದ್ದರೂ ವಂಶದಲ್ಲಿ ಕಡಲಿನ ಕಂದು ಪಾಚಿಯ ದಾಯಾದಿ. ನಿಜವಾದ ಶಿಲೀಂಧ್ರದ ಕೋಶಗೋಡೆ ಕೈಟಿನ್‌ನದು, ಅಂದರೆ ಏಡಿ ಸಿಗಡಿಗಳ ಚಿಪ್ಪಿನಲ್ಲಿರುವ ವಸ್ತು. ಇದರ ಗೋಡೆ ಸೆಲ್ಯುಲೋಸಿನದು, ಅಡಿಕೆ ಮರದ್ದೇ ಗೋಡೆಯ ಹಾಗೆ. ಶಿಲೀಂಧ್ರಗಳು ತಮ್ಮ ಕೋಶಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬನ್ನು ತಾವೇ ಮಾಡಿಕೊಳ್ಳುತ್ತವೆ. ಇದು ಮಾಡಿಕೊಳ್ಳುವುದಿಲ್ಲ. ಹಾಗಾಗಿ ಎರ್ಗೊಸ್ಟೆರಾಲ್ ತಯಾರಿಕೆಯನ್ನು ತಡೆದು ಶಿಲೀಂಧ್ರ ಕೊಲ್ಲುವ ಪ್ರೊಪಿಕೊನಜೋಲ್, ಟೆಬುಕೊನಜೋಲ್‌ನಂಥ ಟ್ರಯಜೋಲ್ ಔಷಧಿಗಳನ್ನು ಕೊಳೆಗೆ ಬ್ಯಾರೆಲ್‌ಗಟ್ಟಲೆ ಹೊಡೆದರೂ ಉಪಯೋಗವಿಲ್ಲ. ಇಲ್ಲದ ಕಾರ್ಖಾನೆಗೆ ಬೀಗ ಹಾಕಿದ ಹಾಗೆ.

ಹೆಸರಿನ ಗೋಜಲು ಇನ್ನೂ ಹಳೆಯದು. 1876ರಲ್ಲಿ ಇಂಗ್ಲೆಂಡಿನ ಎಂ. ಸಿ. ಕುಕ್ ಎಂಬ ಶಿಲೀಂಧ್ರ ತಜ್ಞ, ಮೈಸೂರು ಸೀಮೆಯ ಕಾಫಿ ಎಲೆಗಳನ್ನು ಕೊಳೆಸುತ್ತಿದ್ದ ಶಿಲೀಂಧ್ರಕ್ಕೆ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಅಂತ ಹೆಸರಿಟ್ಟ. ನಮ್ಮ ಆಳುಕಾಳುಗಳ ಬಾಯಿಯ ಮಾತು ಲ್ಯಾಟಿನ್ ಸಾಲಿನಲ್ಲಿ ಹೋಗಿ ಕೂತಿತು, ಮುಂದೆ ಕುಲದ ಹೆಸರೇ ಕೊಳೆರೋಗ ಅಂತಲೂ ಆಯಿತು. ಅದೇ 1876ರಲ್ಲಿ ಜರ್ಮನಿಯ ಡಿ ಬಾರಿ, ಐರ್ಲೆಂಡಿನ ಆಲೂಗಡ್ಡೆ ಬರಕ್ಕೆ ಕಾರಣವಾದ ರೋಗಾಣುವಿಗಾಗಿ ಫೈಟಾಫ್ತೊರಾ ಎಂಬ ಕುಲ ಕಟ್ಟಿದ. ಹಾಗೆಂದರೆ ಗಿಡನಾಶಕ. ಕಾಫಿಯ ಕೊಳೆರೋಗ ಅಪ್ಪಟ ಶಿಲೀಂಧ್ರ, ಅಡಿಕೆಯ ಕೊಳೆರೋಗ ಗಿಡನಾಶಕ ಕುಲದ್ದು. ನಾವು ಎರಡಕ್ಕೂ ಒಂದೇ ಹೆಸರು ಹಿಡಿದು ಕೂಗುತ್ತೇವೆ. ಕೊಳೆಯುವುದು ಕಣ್ಣಿಗೆ ಕಂಡರೆ ಸಾಕಲ್ಲ, ಕೋಶಗೋಡೆ ಯಾರು ನೋಡುತ್ತಾರೆ?

ಸುಣ್ಣ ಮೈಲುತುತ್ತಕ್ಕೆ ಮಾತ್ರ ಈ ಕುಲಗೋತ್ರದ ಗೊಡವೆಯಿಲ್ಲ. ಅದು ಹುಟ್ಟಿದ್ದೇ ಕಳ್ಳರ ದೆಸೆಯಿಂದ. 1882ರಲ್ಲಿ ಫ್ರಾನ್ಸಿನ ಬೋರ್ಡೋ ಹತ್ತಿರದ ಸಾಂ ಜೂಲಿಯೆನ್‌ನಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ದ್ರಾಕ್ಷಿ ತೋಟದ ಪಕ್ಕ ಹೋಗುತ್ತಿದ್ದ. ಬೂಜು ರೋಗದಿಂದ ಎಲ್ಲ ಬಳ್ಳಿಗಳ ಎಲೆಯೂ ಉದುರಿತ್ತು, ದಾರಿಯ ಅಂಚಿನ ಬಳ್ಳಿಗಳನ್ನು ಬಿಟ್ಟು. ಹೋಗುವವರು ಬರುವವರು ಹಣ್ಣು ಕೀಳಬಾರದೆಂದು, ವಿಷದ ಹಾಗೆ ಕಾಣಲಿ ಅಂತ, ಅವಕ್ಕೆ ಸುಣ್ಣ ಮತ್ತು ಮೈಲುತುತ್ತದ ನೀಲಿ ನೀರು ಚಿಮುಕಿಸಿದ್ದರು. 1885ರಲ್ಲಿ ಮಿಲಾರ್ಡೆ ಅದರ ಪಾಕ ಪ್ರಕಟಿಸಿದ, ಅದೇ ಬೋರ್ಡೋ ದ್ರಾವಣ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು ಅಡಿಕೆ ಕೊಳೆಯ ಬೆನ್ನು ಹತ್ತಿದರು. 1910ರ ಹೊತ್ತಿಗೆ ಅದರ ರೋಗಾಣು ಯಾವುದೆಂದು ಬರೆದು, ಬೋರ್ಡೋ ದ್ರಾವಣವನ್ನು ಮಲೆನಾಡಿನ ಮಳೆಗೆ ಒಗ್ಗಿಸುವ ಕೆಲಸಕ್ಕೆ ಕೈಹಾಕಿದ್ದರು. ಕೊನೆಗೆ, ಅಂದರೆ ಅಡಿಕೆ ಗೊಂಚಲಿಗೆ, ಅಂಟಿಕೊಳ್ಳಲೆಂದು ರಾಳ ಸೇರಿಸುವ ಪದ್ಧತಿ ಆ ಕಾಲದಿಂದ ಬಂದದ್ದು. ಅದಕ್ಕೂ ಮುಂಚೆ ಇದ್ದದ್ದು ಕೊಟ್ಟೆ. ಪ್ರತಿ ಕೊನೆಗೂ ಕರಡದ ಹುಲ್ಲಿನ ಟೋಪಿ ಕಟ್ಟುವುದು. ಯೋಚಿಸಿದರೆ ಕೊಟ್ಟೆ ತುಂಬ ಜಾಣತನದ ಉಪಾಯ. ಈಜುವವನನ್ನು ತಡೆಯಬೇಕಾದರೆ ನೀರನ್ನೇ ತಡೆ.

ಬೋರ್ಡೋವನ್ನು ನಮ್ಮ ಪ್ರಯೋಗಾಲಯದಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ ಅಂದರೆ ಕಾಲು ಕೆಜಿ ತಾಮ್ರ! ಹೊಸ ಔಷಧಿಗಳ ಲೆಕ್ಕ ಗ್ರಾಮುಗಳಲ್ಲಿ. ಆಕ್ಸಾಥಿಯಾಪಿಪ್ರೊಲಿನ್ ಎಂಬುದಂತೂ ಹೆಕ್ಟೇರಿಗೆ ಕೆಲವೇ ಹತ್ತು ಗ್ರಾಮಿನಲ್ಲಿ ಕೆಲಸ ಮುಗಿಸುತ್ತದೆ. ತಾಮ್ರ ಕರಗಿಹೋಗುವ ವಸ್ತುವಲ್ಲ, ಮಣ್ಣಿಗೆ ಬಿದ್ದದ್ದು ಮಣ್ಣಲ್ಲೇ ಕೂರುತ್ತದೆ. ಯುರೋಪಿನಲ್ಲಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿಗಿಂತ ಹೆಚ್ಚು ತಾಮ್ರ ಬಳಸಬಾರದೆಂಬ ಮಿತಿಯಿದೆ. ಇದೆಲ್ಲ ನಿಜವೇ, ನನ್ನ ತಕರಾರಿಲ್ಲ. ಆದರೆ ಅದು ನೂರ ನಲವತ್ತು ವರ್ಷದಿಂದ ಕೆಲಸ ಮಾಡುತ್ತಲೇ ಇದೆಯಲ್ಲ, ಅದು ಯಾಕೆ? ತಾಮ್ರದ ಅಯಾನು ರೋಗಾಣುವಿನ ಒಂದು ಕಿಣ್ವವನ್ನು ಆರಿಸಿ ಹೊಡೆಯುವುದಿಲ್ಲ. ಗಂಧಕದ ಕೊಂಡಿ ಎಲ್ಲಿ ಸಿಕ್ಕಿದರೂ ಅಂಟಿಕೊಂಡು ಹತ್ತಾರು ಪ್ರೋಟೀನುಗಳನ್ನು ಒಟ್ಟಿಗೆ ಕೆಡಿಸುತ್ತದೆ. ಒಂದು ಬಾಗಿಲು ಭದ್ರ ಮಾಡಿಕೊಂಡರೆ ರೋಗಾಣುವಿಗೆ ಸಾಲದು.

ನಾವು ಮಾಡುತ್ತಿದ್ದದ್ದು ಒಂದೇ ಬಾಗಿಲಿನ ಕೀಲಿಕೈ. ಒಬ್ಬ ಕೆಮಿಸ್ಟ್‌ಗೆ ಅದರಷ್ಟು ಮೋಹಕವಾದದ್ದು ಇನ್ನೊಂದಿಲ್ಲ, ಅದನ್ನೂ ಹೇಳಬೇಕು. ಸ್ಟ್ರೋಬಿಲ್ಯೂರಿನ್‌ಗಳ ಕಥೆ ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಯುರೋಪಿನ ಪೈನ್ ಕಾಡಿನಲ್ಲಿ ಉದುರಿದ ಪೈನ್ ಕಾಯಿಯ ಮೇಲೆ ಏಳುವ ಒಂದು ಸಣ್ಣ ಅಣಬೆಯಿದೆ, ಸ್ಟ್ರೋಬಿಲ್ಯೂರಸ್ ಟೆನಾಸೆಲ್ಲಸ್. ಒಂದು ಕಾಯಿ ಅಂದರೆ ಅದರ ಪಾಲಿಗೆ ಒಂದು ಆಸ್ತಿ. ಬೇರೆ ಶಿಲೀಂಧ್ರಗಳು ಅದರೊಳಗೆ ಕಾಲಿಡಬಾರದೆಂದು ಒಂದು ವಿಷ ಸ್ರವಿಸುತ್ತದೆ. 1977ರಲ್ಲಿ ಜರ್ಮನಿಯ ಟಿಮ್ ಆಂಕೆ ಮತ್ತು ವೋಲ್ಫ್‌ಗಾಂಗ್ ಸ್ಟೆಗ್ಲಿಶ್ ಅದನ್ನು ಬೇರ್ಪಡಿಸಿ ಸ್ಟ್ರೋಬಿಲ್ಯೂರಿನ್ ಎ ಅಂತ ಕರೆದರು. ಶತ್ರುವಿನ ಕೋಶದಲ್ಲಿ ಉಸಿರಾಟದ ಇಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟುವ ಒಂದು ಜಾಗದಲ್ಲಿ, ಸೈಟೋಕ್ರೋಮ್ ಬಿ ಎಂಬಲ್ಲಿ, ಅದು ಹೋಗಿ ಸಿಕ್ಕಿಕೊಳ್ಳುತ್ತದೆ. ಉಸಿರು ಅಲ್ಲಿಗೆ ನಿಲ್ಲುತ್ತದೆ. ಅಣಬೆ ಮಾತ್ರ ತನ್ನ ಸೈಟೋಕ್ರೋಮಿನ ಆಕಾರವನ್ನು ತುಸು ತಿರುಚಿಕೊಂಡಿರುವುದರಿಂದ ತನ್ನ ವಿಷಕ್ಕೆ ತಾನು ಸಾಯುವುದಿಲ್ಲ. ಇಲ್ಲಿ ಇನ್ನೊಂದು ಅನುಕೂಲ: ಫೈಟಾಫ್ತೊರಾವೂ ಉಸಿರಾಡಲೇಬೇಕು. ಪಾಚಿಯ ದಾಯಾದಿ, ಶಿಲೀಂಧ್ರ ಎರಡೂ ಬಗ್ಗುವ ಔಷಧಿ ಇದರಿಂದ ಆಗಬಹುದು.

ಆದರೆ ಆ ವಿಷ ಕಾಡಿನ ನೆರಳಿಗೆಂದು ಆದದ್ದು. ಬಿಸಿಲಿಗೆ ಹಿಡಿದರೆ ನೋಡುತ್ತಿದ್ದಂತೆ ಮುರಿದುಹೋಗುತ್ತದೆ. ಮುರಿಯುವುದು ಅದರ ಮಧ್ಯದ ದ್ವಿಬಂಧಗಳ ಸರಪಳಿ. ಇಂಗ್ಲೆಂಡಿನ ಐಸಿಐ ಕಂಪನಿಯ ಕೆಮಿಸ್ಟರು ಆ ಸರಪಳಿಯ ಜಾಗದಲ್ಲಿ ಬೆಂಜೀನ್ ಉಂಗುರ ಕೂರಿಸಿದರು. ಬಿಸಿಲು ತಡೆಯಿತು. ಎಣ್ಣೆ ಗುಣ ಜಾಸ್ತಿಯಾಗಿ ಎಲೆಯ ಮೇಣದಲ್ಲೇ ಉಳಿಯದಿರಲಿ, ಗಿಡದೊಳಗೂ ಹರಿಯಲಿ ಅಂತ ಇನ್ನೊಂದು ಉಂಗುರದಲ್ಲಿ ಸಾರಜನಕ ಹಾಕಿದರು. ಹೀಗೆ ಸುಮಾರು 1400 ಸಂಯುಕ್ತ ಮಾಡಿ ಅದರಲ್ಲೊಂದನ್ನು ಆರಿಸಿದರು. 1996ರಲ್ಲಿ ಮಾರುಕಟ್ಟೆಗೆ ಬಂದ ಅಜಾಕ್ಸಿಸ್ಟ್ರೋಬಿನ್ ಅದೇ. ಜರ್ಮನಿಯ ಬಿಎಎಸ್‌ಎಫ್ ತನ್ನದೇ ದಾರಿಯಲ್ಲಿ ನಡೆದು ಅದೇ ವರ್ಷ ಕ್ರೆಸಾಕ್ಸಿಮ್ ಮೀಥೈಲ್ ತಂದಿತು. ಅಜಾಕ್ಸಿಸ್ಟ್ರೋಬಿನ್ನಿಗೆ ಮೂರು ಉಂಗುರ, ಬದಿಯಲ್ಲಿ ಅಣಬೆಯಿಂದ ಬಂದ ಆ ಪುಟ್ಟ ಮೀಥಾಕ್ಸಿ ಅಕ್ರಿಲೇಟ್ ತುಣುಕು. ಅದರ ಚಿತ್ರ ನೋಡಿದರೆ ನನಗೆ ಇಂದಿಗೂ ಒಳ್ಳೆ ಬಡಗಿ ಮಾಡಿದ ತೊಟ್ಟಿಲು ನೋಡಿದಷ್ಟು ಸಂತೋಷವಾಗುತ್ತದೆ.

ಎರಡೇ ವರ್ಷ. 1998ರಲ್ಲಿ ಜರ್ಮನಿಯ ಗೋಧಿ ಹೊಲಗಳ ಬೂದಿರೋಗ ಇದಕ್ಕೆ ಬಗ್ಗಲಿಲ್ಲ. ಸೈಟೋಕ್ರೋಮ್ ಬಿಯ 143ನೇ ಸ್ಥಾನದಲ್ಲಿದ್ದ ಗ್ಲೈಸೀನ್ ಎಂಬ ಅಮೈನೋ ಆಮ್ಲ ಹೋಗಿ ಅಲನೀನ್ ಬಂದಿತ್ತು. ಅಲನೀನ್‌ಗೆ ಇರುವುದು ಒಂದೇ ಒಂದು ಮೀಥೈಲ್ ಹೆಚ್ಚು. ಅಷ್ಟು ಸಣ್ಣ ಗುಬುಟು ಸಾಕು, ಕೀಲಿ ಒಳಗೆ ಹೋಗುವುದಿಲ್ಲ. 1977ರ ಇನ್ನೊಂದು ಔಷಧಿ ಮೆಟಲಾಕ್ಸಿಲ್‌ನದೂ ಇದೇ ಪಾಡು. ಅದು ಫೈಟಾಫ್ತೊರಾ ಕಡೆಯವರಿಗೆಂದೇ ಹೇಳಿ ಮಾಡಿಸಿದಂತಿತ್ತು. 1980ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳಲ್ಲೇ ಅದು ಸೋತಿತು.

ನನ್ನ 311ರಲ್ಲಿ ಒಂದರ ಮೇಲೆ ನನಗೆ ಆಸೆಯಿತ್ತು. 187ನೆಯದು. ಅದಕ್ಕೆ ಪ್ರೊಪಾರ್ಜೈಲ್ ಬ್ರೋಮೈಡ್ ಬೇಕಾಗುತ್ತಿತ್ತು. ಕಣ್ಣಿಗೆ ಅದು ಎಂಥದ್ದೆಂದರೆ ಈರುಳ್ಳಿ ಅದರ ಮುಂದೆ ಮಲ್ಲಿಗೆ. ಫ್ಯೂಮ್ ಹುಡ್‌ನ ಗಾಜು ಎರಡು ಬೆರಳು ಜಾಸ್ತಿ ಎತ್ತಿದರೂ ಅಕ್ಕಪಕ್ಕದವರೆಲ್ಲ ಅಳುತ್ತಾ ಹೊರಗೆ ಓಡಬೇಕು. ಮೂರು ವಾರ ಕಣ್ಣು ಕೆಂಪು ಮಾಡಿಕೊಂಡು, ಸಿಲಿಕಾ ಕಾಲಮ್ಮಿನಲ್ಲಿ ಎರಡು ಸಲ ಇಳಿಸಿ ಶುದ್ಧ ಮಾಡಿ, ಕೊನೆಗೆ ನಾನೂರು ಮಿಲಿಗ್ರಾಂ ಬಿಳಿಪುಡಿ ಸಿಕ್ಕಿತು. ತಟ್ಟೆಯ ಪರೀಕ್ಷೆಯಲ್ಲಿ ಅದು ರೋಗಾಣುವನ್ನು ಒಂದು ಕೂದಲೆಳೆಯಷ್ಟೂ ಬೆಳೆಯಗೊಡಲಿಲ್ಲ. ಎಲೆಚೂರುಗಳ ಮೇಲೂ ಗೆದ್ದಿತು. ಆವತ್ತು ಊರಿಗೆ ನಾನೇ ಫೋನ್ ಮಾಡಿದೆ. ಏನೂ ಹೇಳಲಿಲ್ಲ, ಸುಮ್ಮನೆ ಮಾತಾಡಿದೆ. ಚಿಕ್ಕಪ್ಪನಿಗೆ ಅನುಮಾನ ಬಂತು, "ಸಂಬಳ ಜಾಸ್ತಿ ಆಯ್ತನೇ?"

ಮುಂದಿನದು ಮಳೆಯ ಪರೀಕ್ಷೆ. ಔಷಧಿ ಹೊಡೆದ ಗಿಡಗಳನ್ನು ಒಂದು ಕೋಣೆಯಲ್ಲಿಟ್ಟು ಮೇಲಿನಿಂದ ಅರ್ಧ ಗಂಟೆ ಕೃತಕ ಮಳೆ ಸುರಿಸುತ್ತಾರೆ. ಆ ಮಳೆ ನೋಡಿ ನನಗೆ ನಗು ಬಂತು, ನಮ್ಮೂರಲ್ಲಿ ಅದಕ್ಕೆ ಯಾರೂ ಕೊಡೆ ಬಿಚ್ಚುವುದಿಲ್ಲ. 187 ಅಷ್ಟರಲ್ಲೇ ತೊಳೆದುಹೋಯಿತು. ಸರಿ, ಎಣ್ಣೆ ಗುಣ ಹೆಚ್ಚಿಸೋಣ ಅಂತ 203ರಲ್ಲಿ ಎರಡು ಕ್ಲೋರಿನ್ ಹಾಕಿದೆ. ಅದು ಅಂಟಿಕೊಂಡಿತು, ಬಿಡಲೇ ಇಲ್ಲ. ಆಮೇಲೆ ಬಂದ ವರದಿಯಲ್ಲಿ ಮೀನುಗಳು ಸತ್ತಿದ್ದವು. ತೋಟದ ಬಸಿಗಾಲುವೆ ಎಲ್ಲಿಗೆ ಹೋಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮದು ಮನೆ ಹಿಂದಿನ ಹಳ್ಳಕ್ಕೆ, ಹಳ್ಳ ತುಂಗೆಗೆ. 203ರ ಪುಟದ ಮೇಲೆ ಅಡ್ಡಗೀಟು ಎಳೆದು 204 ಶುರು ಮಾಡಿದೆ.

ಒಂದು ಔಷಧಿ ಮಾರುಕಟ್ಟೆಗೆ ಬರಲು ಈಗ ಹನ್ನೊಂದು ವರ್ಷದ ಮೇಲೆ ಹಿಡಿಯುತ್ತದೆ, ಅದರ ಹಿಂದೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸಂಯುಕ್ತಗಳು ಜರಡಿಯಲ್ಲಿ ಬಿದ್ದುಹೋಗಿರುತ್ತವೆ ಎಂಬ ಉದ್ಯಮದ ಲೆಕ್ಕ ನನಗೆ ಆಗ ಸಮಾಧಾನ ಕೊಡುತ್ತಿತ್ತು. ಈಗ ಬೇರೆಯದೇ ಅನ್ನಿಸುತ್ತದೆ. ಆ ಜರಡಿಯಲ್ಲಿ ಅಡಿಕೆ ಮರ ಎಲ್ಲೂ ಇರಲಿಲ್ಲ. ಪರೀಕ್ಷೆಗಿದ್ದದ್ದು ಟೊಮೇಟೊ, ದ್ರಾಕ್ಷಿ, ಆಲೂಗಡ್ಡೆ, ಗೋಧಿ. ಗಿಡದೊಳಗೆ ಹರಿಯುವ ಔಷಧಿ ನೀರಿನ ಜೊತೆ ಮೇಲೇರಿ ಎಲೆಗೆ ಹೋಗುತ್ತದೆ, ಯಾಕೆಂದರೆ ನೀರು ಆವಿಯಾಗುವುದು ಎಲೆಯಿಂದ. ನಮಗೆ ಬೇಕಾದದ್ದು ಐವತ್ತಡಿ ಮೇಲಿನ ಕಾಯಿಗೆ. ಕಾಯಿ ಎಲೆಯಷ್ಟು ನೀರು ಸೇದುವುದೇ ಇಲ್ಲ. ಇದನ್ನು ಒಂದು ಸಭೆಯಲ್ಲಿ ಹೇಳಿದೆ. ಎಲ್ಲರೂ ಚೆನ್ನಾಗಿ ಕೇಳಿಸಿಕೊಂಡರು, ಮುಂದಿನ ಸ್ಲೈಡಿಗೆ ಹೋದರು. ಅಡಿಕೆಯ ಮಾರುಕಟ್ಟೆ ಎಷ್ಟು, ಗೋಧಿಯದೆಷ್ಟು! ಅವರನ್ನು ದೂರಿ ಪ್ರಯೋಜನವಿಲ್ಲ.

ಬೇರೆಯವರ ಪುಣ್ಯದಿಂದ ನಮಗೂ ಒಂದು ಬಂತು ಅನ್ನಿ. ಮ್ಯಾಂಡಿಪ್ರೊಪಮಿಡ್. ದ್ರಾಕ್ಷಿ, ಆಲೂಗಡ್ಡೆಗೆಂದು ಹುಟ್ಟಿದ್ದು ಈಗ ಅಡಿಕೆ ಕೊಳೆಗೂ ಶಿಫಾರಸಿನಲ್ಲಿದೆ, ಲೀಟರಿಗೆ ಒಂದು ಎಂಎಲ್. ಅದರ ಅಣುವಿಗೆ ನನ್ನನ್ನು ಅಳಿಸಿದ ಆ ಪ್ರೊಪಾರ್ಜೈಲ್ ತೋಳು ಒಂದಲ್ಲ, ಎರಡಿವೆ. ಅದು ಫೈಟಾಫ್ತೊರಾದ ಸೆಲ್ಯುಲೋಸ್ ಗೋಡೆ ಕಟ್ಟುವ ಕಿಣ್ವವನ್ನೇ ಹಿಡಿದು ನಿಲ್ಲಿಸುತ್ತದೆ. ಗೋಡೆಯಿಲ್ಲದೆ ಮನೆಯಿಲ್ಲ.

ಅದಾದ ಮೇಲೆ ಎಲೆಚುಕ್ಕಿ ರೋಗ ಬಂತು. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರದ ಕಡೆ ತೋಟಕ್ಕೆ ತೋಟವೇ ಸೋಗೆ ಒಣಗಿ ನಿಂತದ್ದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಚಿಕ್ಕಪ್ಪ ಫೋನ್ ಮಾಡಿ, ಪೇಟೆಯ ಅಂಗಡಿಯವರು ಕೊಳೆಯ ಔಷಧಿಯನ್ನೇ ಎಲೆಗೂ ಹೊಡೀರಿ ಅಂದರು, ಎರಡೂ ಫಂಗಸ್ಸೇ ಅಂತೆ, ಎರಡು ಸಾವಿರದ ಬಾಟಲಿ ತಂದೆ, ಏನೂ ಆಗಲಿಲ್ಲ ಅಂದರು. ನನಗೆ ಸಿಟ್ಟು ಬಂತು. ಎಲೆಚುಕ್ಕಿಯ ಕೊಲೆಟೋಟ್ರೈಕಮ್ ಅಪ್ಪಟ ಶಿಲೀಂಧ್ರ, ಅದರ ಗೋಡೆ ಕೈಟಿನ್‌ನದು. ಸೆಲ್ಯುಲೋಸ್ ಕಟ್ಟುವುದನ್ನು ತಡೆದರೆ ಅದಕ್ಕೇನು? ಅದಕ್ಕೆ ಪ್ರೊಪಿಕೊನಜೋಲ್ ಥರದ್ದು ಬೇಕು, ಅದು ಕೊಳೆಗೆ ಬಾರದು. ಒಂದೇ ಮರ, ಕೊನೆಯಲ್ಲಿ ಒಬ್ಬ, ಸೋಗೆಯಲ್ಲಿ ಇನ್ನೊಬ್ಬ, ಇಬ್ಬರಿಗೂ ನಂಟಿಲ್ಲ. ಅರ್ಧ ಗಂಟೆ ಫೋನಿನಲ್ಲಿ ಕೈಟಿನ್ ಸೆಲ್ಯುಲೋಸ್ ಅಂತ ಕೊರೆದೆ. ಕೊನೆಗೆ ಚಿಕ್ಕಪ್ಪ ಅಂದರು, "ಹಂಗಾರೆ ಒಬ್ಬ ಏಡಿ ಜಾತಿ, ಒಬ್ಬ ಸೊಪ್ಪಿನ ಜಾತಿ ಅನ್ನು." ನಾಲ್ಕು ವರ್ಷದಲ್ಲಿ ನಾನು ಅಷ್ಟು ಚೆನ್ನಾಗಿ ಯಾವ ಸಭೆಯಲ್ಲೂ ಹೇಳಿರಲಿಲ್ಲ.

ನಾನು ಆ ಕೆಲಸ ಬಿಟ್ಟೆ, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹೋದ ವರ್ಷ ಜೂನ್ ಮೊದಲ ವಾರ ಊರಿಗೆ ಹೋದಾಗ, ಈ ಸಲ ಬೋರ್ಡೋ ನಾನೇ ಕಾಯಿಸುತ್ತೇನೆ ಅಂದೆ. ಕಾಯಿಸುವುದೇನಿಲ್ಲ, ನಮ್ಮ ಕಡೆ ಹಾಗೆ ಅನ್ನುವುದು. ತಕ್ಕಡಿಯಲ್ಲಿ ಸರಿಯಾಗಿ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣದ ಪುಡಿ. ಹಿಂದಿನ ರಾತ್ರಿಯೇ ಮೈಲುತುತ್ತವನ್ನು ಗೋಣಿಬಟ್ಟೆಯಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟೆ. ಬೆಳಿಗ್ಗೆ ಎರಡು ಪ್ಲಾಸ್ಟಿಕ್ ಡ್ರಮ್ಮು, ಐವತ್ತೈವತ್ತು ಲೀಟರು. ನೀಲಿಯನ್ನು ಸುಣ್ಣದ ಡ್ರಮ್ಮಿಗೆ ನಿಧಾನ ಹುಯ್ಯುತ್ತಾ ಕೋಲಾಡಿಸಿದೆ. ಸುಣ್ಣವನ್ನು ನೀಲಿಗೆ ಹುಯ್ಯಬಾರದು, ಹುಯ್ದರೆ ಕಣ ದಪ್ಪವಾಗಿ ಬೇಗ ತಳ ಕಾಣುತ್ತದೆ. ಇದನ್ನು ಕೊನೆಗಾರನಿಗೆ ವಿವರಿಸಿದೆ. ಅವನು ಮೂವತ್ತು ವರ್ಷದಿಂದ ಹಾಗೇ ಹುಯ್ಯುತ್ತಿರುವವನು, "ಹೌದಾ ಅಮ್ಮ" ಅಂತ ತಲೆಯಾಡಿಸಿದ.

ಚಿಕ್ಕಪ್ಪ ಏನೂ ಹೇಳದೆ ಕತ್ತಿ ತಂದು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದರು. ಬಾಯಿಯುದ್ದಕ್ಕೂ ಕೆಂಪು. ತಾಮ್ರ ಹಿಡಿದಿತ್ತು. ಅಂದರೆ ಸುಣ್ಣ ಸಾಲದು, ಬಿಡುಗಡೆ ತಾಮ್ರ ಇನ್ನೂ ಉಳಿದಿದೆ, ಹೀಗೇ ಹೊಡೆದರೆ ಹಿಂಗಾರ ಸುಟ್ಟುಹೋಗುತ್ತದೆ. ನನ್ನ ತೂಕ ಸರಿಯಿತ್ತು. ಅಂಗಡಿಯಿಂದ ತಂದ ಪುಡಿ ಎಷ್ಟು ತಿಂಗಳಿಂದ ಗಾಳಿ ಕುಡಿದಿತ್ತೋ, ಬಹುಪಾಲು ಸೀಮೆಸುಣ್ಣವಾಗಿತ್ತು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಗಾಳಿಯಲ್ಲಿ ಕಾರ್ಬೊನೇಟ್ ಆಗುತ್ತದೆಂದು ನಾನು ಪ್ರತಿ ವರ್ಷ ಮೊದಲ ಪಿಯುಸಿಗೆ ಪಾಠ ಮಾಡುತ್ತೇನೆ, ಬೋರ್ಡಿನ ಮೇಲೆ, ಸೀಮೆಸುಣ್ಣದಲ್ಲಿ.

ಚಿಕ್ಕಪ್ಪ ಒಳಗೆ ಹೋಗಿ ಮಣ್ಣಿನ ಹರವಿಯಲ್ಲಿ ಅರಳಿಸಿಟ್ಟಿದ್ದ ಚಿಪ್ಪಿನ ಸುಣ್ಣ ತಂದರು. ಹಳೇ ಪಂಚೆಯ ತುಂಡಿನಲ್ಲಿ ಸೋಸಿ ಒಂದು ಚೊಂಬು ಹುಯ್ದರು, ಕೋಲಾಡಿಸಿದರು, ಕತ್ತಿ ಅದ್ದಿದರು. ಇನ್ನೂ ಸ್ವಲ್ಪ ಕೆಂಪು. ಇನ್ನರ್ಧ ಚೊಂಬು. ಈ ಸಲ ಕತ್ತಿ ಕತ್ತಿಯ ಹಾಗೇ ಬಂತು. ಡ್ರಮ್ಮಿನಲ್ಲಿ ಮಳೆ ಬಿಟ್ಟ ಮರುದಿನದ ಆಕಾಶದ ಬಣ್ಣ.

ಮೂರು ಗಂಟೆಯ ಹೊತ್ತಿಗೆ ಪಶ್ಚಿಮದಲ್ಲಿ ಕಪ್ಪು ಕಟ್ಟಿತು. ಕೊನೆಗಾರ ಕೊನೆಯ ಸಾಲಿನಿಂದ ಇಳಿದು ಬಂದ, ತಲೆ, ಹುಬ್ಬು, ಮುಂಡಾಸು ಎಲ್ಲ ನೀಲಿ ಚುಕ್ಕೆ. ಡ್ರಮ್ಮಿನಲ್ಲಿ ಕಾಲುಭಾಗ ಉಳಿದಿತ್ತು. ಬೋರ್ಡೋ ನಾಳೆಗೆ ಆಗುವುದಿಲ್ಲ, ಅದೇ ದಿನ ಮುಗಿಸಬೇಕು. ಚೆಲ್ಲುವುದೇ ಅಂತ ಕೇಳಿದೆ.

"ಚೆಲ್ಲೋದೆಂತಕ್ಕೆ? ಮೆಣಸಿನ ಬುಡಕ್ಕೆ ಹಾಕಿದ್ರಾಯ್ತು," ಅಂದರು ಚಿಕ್ಕಪ್ಪ. "ಅದಕ್ಕೂ ಸೊಪ್ಪಿನ ಜಾತಿಯವನೇ ಅಲ್ವನೇ ಬರೋದು, ಸೊರಗಿಗೆ?"

ಹೌದು, ಅದೂ ಫೈಟಾಫ್ತೊರಾವೇ. ಮೊದಲ ಹನಿಗಳು ಬೀಳುವಾಗ ಇಬ್ಬರೂ ಒಂದೊಂದು ಬಕೆಟ್ ಹಿಡಿದು ಬಳ್ಳಿಯಿಂದ ಬಳ್ಳಿಗೆ ಓಡುತ್ತಿದ್ದೆವು.